ಹಿಮದವರ ಆ್ಯಪ್‌ನಲ್ಲಿ ಹೊಳವು ಹುಡುಕುವುದು: ಕೆಲವು ಮಳೆಗಾಲ ಬಳಸಿದ ಮೇಲೆ

ಜುಲೈ ತಿಂಗಳ ಶಿರಸಿಯಲ್ಲಿ "ಮಳೆ ಸಾಧ್ಯತೆ ಶೇ 95" ಎಂದು ಹೇಳಲು ಆ್ಯಪ್ ಯಾಕೆ ಬೇಕು? ಯಾವುದನ್ನು ತೆರೆದರೂ ಅದೇ ಮೋಡ, ಅದೇ ಮೂರು ಹನಿ. ಅಡಿಕೆ ತೋಟದವರ ಪ್ರಶ್ನೆ ಬೇರೆ: ಕೊಳೆರೋಗಕ್ಕೆ ಔಷಧಿ ಹೊಡೆಸಲು ನಾಳೆ ನಾಲ್ಕೈದು ತಾಸು ಹೊಳವು, ಅಂದರೆ ಮಳೆಯ ಬಿಡುವು, ಸಿಗುತ್ತದೆಯೇ? ಸಿಕ್ಕರೆ ಬೆಳಿಗ್ಗೆಯೋ, ಮಧ್ಯಾಹ್ನದ ಮೇಲೋ? ಈ ಒಂದು ಪ್ರಶ್ನೆಗೆ ಎಷ್ಟು ಒದಗಿತು ಎಂಬುದರ ಮೇಲೆ ಇಲ್ಲಿನ ತೀರ್ಪು. ಸೌಲಭ್ಯಗಳ ಪಟ್ಟಿ ಡೌನ್‌ಲೋಡ್ ಪುಟದಲ್ಲೇ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಆ್ಯಪ್ ಹೊರದೇಶದ್ದು, ಪರ್ವತದ ಹವಾಮಾನಕ್ಕೆಂದೇ ಮಾಡಿದ್ದು. ಹಿಮದ ಮೇಲೆ ಸ್ಕೀ ಮಾಡಲು ಹೋಗುವವರು ಇದರ ಗಿರಾಕಿಗಳು. ಈ ಜಾತಿಯವು ನಾಲ್ಕಾರು ಇವೆ, ಎಲ್ಲ ಒಂದೇ ಅಚ್ಚಿನವು, ಆದ್ದರಿಂದ ಹೆಸರು ಹಿಡಿದು ಹೇಳುವ ಅಗತ್ಯವಿಲ್ಲ.

ಮೊದಲು ಸೆಟ್ಟಿಂಗ್ ಸರಿಮಾಡಿಕೊಳ್ಳಬೇಕು. ಮಳೆಯನ್ನು ಇಂಚಿನಲ್ಲೂ ಗಾಳಿಯನ್ನು ಮೈಲಿಯಲ್ಲೂ ತೋರಿಸುತ್ತದೆ. ಮಿಲಿಮೀಟರ್, ಕಿಲೋಮೀಟರ್‌ಗೆ ಬದಲಿಸಿಕೊಳ್ಳಿ. "ಹೊಸ ಹಿಮ" ಎಂಬ ಸಾಲನ್ನು ಮುಚ್ಚಿಬಿಡಿ. ಇಲ್ಲದಿದ್ದರೆ ಸೋಂದೆಯಲ್ಲೂ ಯಲ್ಲಾಪುರದಲ್ಲೂ ದಿನಾ 0 ಸೆಂ.ಮೀ. ಎಂದು ನಿಷ್ಠೆಯಿಂದ ವರದಿ ಒಪ್ಪಿಸುತ್ತಿರುತ್ತದೆ. ಶೂನ್ಯ ಡಿಗ್ರಿ ಎಷ್ಟು ಎತ್ತರದಲ್ಲಿದೆ ಎಂದು ಹೇಳುವ ಸಾಲೂ ಬೇಡ; ಮಳೆಗಾಲವಿಡೀ ಅದು 5,000 ಮೀಟರಿಗೂ ಮೇಲೆಯೇ ಇರುತ್ತದೆ.

ಇಂಥ ಆ್ಯಪ್ ಘಟ್ಟದವರಿಗೆ ಆಸೆ ಹುಟ್ಟಿಸುವುದು ಎತ್ತರದ ಆಯ್ಕೆಯಿಂದ. ಒಂದೇ ಜಾಗಕ್ಕೆ ಬುಡ, ನಡು, ತುದಿ ಎಂದು ಮೂರು ಮುನ್ಸೂಚನೆ. ಹಿಮದ ನಾಡಿನಲ್ಲಿ ಇದು ಬಹಳ ಮುಖ್ಯ. ಕಾಶ್ಮೀರದ ಗುಲ್ಮಾರ್ಗ್‌ನ ಬಯಲು ಸುಮಾರು 2,650 ಮೀಟರ್, ಅಲ್ಲಿನ ರೋಪ್‌ವೇ ಗೊಂಡೊಲಾದ ಮೇಲಿನ ನಿಲ್ದಾಣ ಸುಮಾರು 3,950. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಮೇಲಕ್ಕೂ ಕೆಳಕ್ಕೂ ಎಂಟು ಡಿಗ್ರಿ ಅಂತರ. ಅದೇ ಮೋಡ ಕೆಳಗೆ ಮಳೆ ಸುರಿಸಿ ಮೇಲೆ ಹಿಮ ಹಾಕಬಹುದು. ಒಂದು ಮಿ.ಮೀ. ನೀರು ಹಿಮವಾಗಿ ಬಿದ್ದರೆ ಹೆಚ್ಚುಕಡಿಮೆ ಒಂದು ಸೆಂ.ಮೀ. ದಪ್ಪ, ಹಾಗಾಗಿ 20 ಮಿ.ಮೀ. ಮುನ್ಸೂಚನೆ ಎಂದರೆ ಅಲ್ಲಿ ಒಂದು ಗೇಣು ಹಿಮ ಬೀಳುವ ಸುದ್ದಿ.

ನಮ್ಮಲ್ಲಿ ಈ ಸೌಲಭ್ಯಕ್ಕೆ ಮರುಳಾಗಬೇಡಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಏರುವುದು 600 ಮೀಟರಿನ ಆಸುಪಾಸು. ಆ್ಯಪ್ ಉಷ್ಣಾಂಶದಲ್ಲಿ ನಾಲ್ಕು ಡಿಗ್ರಿ ಕಳೆದು "ಎತ್ತರಕ್ಕೆ ಹೊಂದಿಸಿದೆ" ಎನ್ನುತ್ತದೆ; ಮಳೆಯ ಅಂಕಿಯನ್ನು ಮುಟ್ಟುವುದೇ ಇಲ್ಲ. ಬುಡ ಒತ್ತಿದರೂ 62 ಮಿ.ಮೀ., ತುದಿ ಒತ್ತಿದರೂ 62. ಘಟ್ಟದವರಿಗೆ ಬೇಕಾದ ಒಂದೇ ವ್ಯತ್ಯಾಸ ಮಳೆಯದ್ದು, ಅದನ್ನೇ ಕೊಡದೆ ಚಂದಾ ಕೇಳುವುದು ಸಿಟ್ಟು ತರಿಸುತ್ತದೆ.

ಕಾರಣ ಆ್ಯಪ್‌ನ ಹಿಂದಿರುವ ಮಾಡೆಲ್‌ಗಳಲ್ಲಿ, ಅಂದರೆ ಹವೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪದ್ಧತಿಗಳಲ್ಲಿದೆ. ಅಮೆರಿಕದ ಜಿಎಫ್‌ಎಸ್ ಭೂಮಿಯನ್ನು ಸುಮಾರು 13 ಕಿ.ಮೀ.ಗಳ ಚೌಕಗಳಾಗಿ, ಯುರೋಪಿನ ಇಸಿಎಂಡಬ್ಲ್ಯುಎಫ್ 9 ಕಿ.ಮೀ.ಗಳ ಚೌಕಗಳಾಗಿ ನೋಡುತ್ತವೆ. ಘಟ್ಟದ ಕಡಿದಾದ ಭಾಗವೆಲ್ಲ ಇಂಥ ಒಂದೆರಡು ಚೌಕದೊಳಗೇ ಮುಗಿದುಹೋಗುತ್ತದೆ. ಗೋಡೆಯಂಥ ಘಟ್ಟ ಮಾಡೆಲ್‌ನ ಕಣ್ಣಿಗೆ ಇಳಿಜಾರು ಗದ್ದೆ. ಅದರ ಫಲವಾಗಿ ಘಟ್ಟದಂಚಿನ ಊರುಗಳಿಗೆ ಕಡಿಮೆ ಮಳೆ, ಘಟ್ಟದಿಂದ ಒಳಗಿರುವ ಬನವಾಸಿ ಕಡೆಗೆ ಇಲ್ಲದ ಮಳೆ ತೋರಿಸುತ್ತದೆ. ಪಿನ್ ತಂದು ತೋಟದ ಕೆರೆಯ ಮೇಲೆಯೇ ಇಟ್ಟರೂ ಚೌಕ ಬದಲಾಗುವುದಿಲ್ಲ.

ಇಷ್ಟಾದರೂ ಆ್ಯಪ್ ತೆಗೆದುಹಾಕದೆ ಉಳಿಸಿಕೊಳ್ಳಲು ಕಾರಣ ಯಾರೂ ನೋಡದ ಒಂದು ಸಾಲು: ತುದಿಯ ಗಾಳಿ. ಹಿಮದ ನಾಡಿನವರು ಅದನ್ನು ನೋಡುವುದು ರೋಪ್‌ವೇ ನಡೆಯುತ್ತದೋ ನಿಲ್ಲುತ್ತದೋ ಎಂದು ತಿಳಿಯಲು. ನಮಗೆ ಅದೇ ಮಳೆಯ ಕೀಲಿ.

ಮುಂಗಾರಿನ ಪಡುವಣ ಗಾಳಿ ಬಲವಾಗಿ ಬೀಸುವುದು ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ, ಹವಾಮಾನದವರ ಭಾಷೆಯಲ್ಲಿ 850 ಹೆಕ್ಟೊಪಾಸ್ಕಲ್ ಮಟ್ಟದಲ್ಲಿ. ಸಮುದ್ರದ ತೇವ ಹೊತ್ತ ಆ ಗಾಳಿ ಎಷ್ಟು ಬಿಗಿಯಾಗಿ ಘಟ್ಟಕ್ಕೆ ಗುದ್ದುತ್ತದೋ ಅಷ್ಟು ಮೇಲೇರಿ, ತಣಿದು, ಸುರಿಯುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ಎತ್ತರ ಕೇಳುವ ಖಾನೆಯಲ್ಲಿ 1,500 ಮೀಟರ್ ಎಂದು ತುಂಬಿ. ಶಿರಸಿಯ ಸುತ್ತ ಅಷ್ಟೆತ್ತರದ ಗುಡ್ಡವೇ ಇಲ್ಲ ನಿಜ, ಆ್ಯಪ್ ತಕರಾರು ಮಾಡುವುದಿಲ್ಲ. ಈಗ ಗಾಳಿಯ ಸಾಲು ಓದಿ. ಗಂಟೆಗೆ 60 ಕಿ.ಮೀ. ದಾಟಿ ಪಶ್ಚಿಮದಿಂದ ಬೀಸುತ್ತಿದ್ದರೆ ಔಷಧಿಯ ಡ್ರಮ್ ತೊಳೆಯುವ ಮಾತೇ ಬೇಡ. 35ರಿಂದ 60ರೊಳಗೆ ಇದ್ದರೆ ಬಂದುಹೋಗುವ ಜಡಿ; ನಡುವಿನ ಬಿಡುವು ಒಂದು ತಾಸೂ ಆಗಬಹುದು, ಮೂರೂ ಆಗಬಹುದು. 25ಕ್ಕಿಂತ ಕೆಳಗಿಳಿದು ಒಂದು ದಿನ ಹಾಗೇ ನಿಂತರೆ ಹೊಳವು ಹತ್ತಿರ ಬಂತು. ಗಾಳಿ ಇಳಿದ ಕೂಡಲೇ ಮಳೆ ಬಿಡುವುದಿಲ್ಲ, ಅರ್ಧ ದಿನ ತಡೆದು ಬಿಡುತ್ತದೆ. ಇದು ಬಳಕೆಯಲ್ಲಿ ಕುದುರಿದ ಲೆಕ್ಕ. ಹೊನ್ನಾವರ, ಅಂಕೋಲೆ ಕಡೆಯವರು ತಮ್ಮ ಅಂಗಳಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಮಾಡೆಲ್‌ಗಳಿಗೆ ಗಾಳಿ ಹಿಡಿಯುವುದು ಮಳೆ ಹಿಡಿಯುವುದಕ್ಕಿಂತ ಸುಲಭ. ಮಳೆಯ ಅಂಕಿ ನಾಳೆಗೇ ತಪ್ಪಿದರೂ ಗಾಳಿಯ ಏರಿಳಿತ ನಾಲ್ಕೈದು ದಿನ ಮೊದಲೇ ಸುಮಾರಾಗಿ ಸಿಗುತ್ತದೆ. ಬಂಗಾಳ ಕೊಲ್ಲಿಯ ಉತ್ತರದಲ್ಲಿ ವಾಯುಭಾರ ಕುಸಿತ ಎದ್ದರೆ ಇಲ್ಲಿ ಗಾಳಿ ಬಿಗಿಯುತ್ತದೆ. ಮುಂಗಾರಿನ ದ್ರೋಣಿ (ಉತ್ತರ ಭಾರತದ ಮೇಲಿನ ಕಡಿಮೆ ಒತ್ತಡದ ಪಟ್ಟಿ) ಹಿಮಾಲಯದ ಬುಡಕ್ಕೆ ಸರಿದರೆ ಅಲ್ಲಿ ಮಳೆ, ನಮಗೆ ಬಿಡುವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ನಾಲ್ಕು ದಿನ ಮೊದಲು ಹೇಳಿದರೇ ಸಿಗುವುದು ಕಷ್ಟವಾದ ಈ ಕಾಲದಲ್ಲಿ ಆ ನಾಲ್ಕು ದಿನವೇ ಲಾಭ.

ಅಂಕಿ ನೋಡುವ ಹೊತ್ತೂ ಮುಖ್ಯ. ಬೆಳಗಿನ 5:30ರ ಸ್ಥಿತಿ ಹಿಡಿದು ಓಡಿಸಿದ ಯುರೋಪಿನ ಲೆಕ್ಕ ಆ್ಯಪ್‌ಗೆ ಬರುವುದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಸಂಜೆ 5:30ರದ್ದು ನಡುರಾತ್ರಿಯ ಹೊತ್ತಿಗೆ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಬಾರಿ ಹೊಸದಾಗುತ್ತದೆ. ಬೆಳಿಗ್ಗೆ ಎಂಟಕ್ಕೂ ಹತ್ತಕ್ಕೂ ಮತ್ತೆ ಮತ್ತೆ ತೆರೆದು ನೋಡಿದರೆ ಬ್ಯಾಟರಿ ಇಳಿಯುತ್ತದೆ, ಯುರೋಪಿನ ಅಂಕಿ ಮಾತ್ರ ಅದೇ ಇರುತ್ತದೆ.

ಔಷಧಿ ಕೆಲಸಕ್ಕೆ ಈ ವೇಳಾಪಟ್ಟಿ ಚೆನ್ನಾಗಿ ಕೂಡುತ್ತದೆ. ಕೊಳೆಗೆ ಹೊಡೆಯುವ ಶೇ 1ರ ಬೋರ್ಡೊ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತು. ಬೇರೆ ಬೇರೆ ಇದ್ದಾಗ ಎರಡೂ ಕೆಡುವುದಿಲ್ಲ. ಕೂಡಿಸಿದ ಮೇಲೆ ಅದೇ ದಿನ ಹೊಡೆದು ಮುಗಿಸಬೇಕು. ಹಾಗಾಗಿ ಸಂಜೆ ಗಾಳಿಯ ಸಾಲು ಇಳಿಮುಖವಾಗಿದ್ದರೆ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ 50 ಲೀಟರ್ ನೀರಿಗೆ ಇಳಿಬಿಡುವುದು. ನಡುರಾತ್ರಿಯ ಹೊಸ ಅಂಕಿ ಬೆಳಿಗ್ಗೆ ಆರಕ್ಕೆ ನೋಡಿ, ಗಾಳಿ ಕೆಳಗೇ ಇದ್ದು, ಗೊನೆಯಿಂದ ನೀರು ತೊಟ್ಟಿಕ್ಕುವುದು ನಿಂತಿದ್ದರೆ ಮಾತ್ರ ಅದನ್ನು ಸುಣ್ಣದ ನೀರಿಗೆ ಹೊಯ್ದು ತಿರುವುವುದು. ಕತ್ತಿ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಕೂತರೆ ಸುಣ್ಣ ಸಾಲದು. ಗಾಳಿ ಮತ್ತೆ ಏರಿದ್ದರೆ ಡ್ರಮ್ಮಿಗೆ ಮುಚ್ಚಳ ಹಾಕಿ ಸುಮ್ಮನಿದ್ದರಾಯಿತು, ಹಾಳಾಗುವುದು ಏನೂ ಇಲ್ಲ.

ಆ್ಯಪ್‌ನ ನೆಲಮಟ್ಟದ ಗಾಳಿಯನ್ನು ಔಷಧಿಗೆ ಲೆಕ್ಕ ಹಿಡಿಯಬೇಡಿ. ನಮ್ಮ ತೋಟಗಳಿರುವುದು ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ, ಅಲ್ಲಿ ಅಷ್ಟು ಗಾಳಿ ಇಳಿಯುವುದಿಲ್ಲ.

ಕೈಕೊಡುವ ಕಾಲವೂ ಇದೆ. ಮೇ ತಿಂಗಳ ಗುಡುಗು ಮಳೆಗೂ ಅಕ್ಟೋಬರಿನ ಮಧ್ಯಾಹ್ನದ ಮಳೆಗೂ ಗಾಳಿಯ ಸಾಲು ನಿರುಪಯೋಗಿ. ಅವು ನೆಲ ಕಾದು ಅಲ್ಲಲ್ಲೇ ಏಳುವ ಮೋಡಗಳು. ಈ ಮಾಡೆಲ್‌ಗಳು ಯಾವ ಊರಿಗೆ ಎಂದು ಹೇಳಲಾರವು. ಆ ದಿನಗಳಲ್ಲಿ ಸಿಡಿಲಿಗೆ ದಾಮಿನಿ ಆ್ಯಪ್ ನೋಡುವುದೇ ಒಳ್ಳೆಯದು. ಪಣಜಿಯ ಡಾಪ್ಲರ್ ರಾಡಾರ್ ಚಿತ್ರ ಕಾರವಾರದವರಿಗೆ ತುಂಬ ಒದಗುತ್ತದೆ. ಶಿರಸಿಗೆ ಬರುವಷ್ಟರಲ್ಲಿ ಅದರ ಕಿರಣ ಎರಡು ಕಿ.ಮೀ. ಎತ್ತರಕ್ಕೆ ಹೋಗಿರುತ್ತದೆ, ಅದರ ಕೆಳಗೆ ಸುರಿಯುವ ಮುಂಗಾರಿನ ಮಳೆ ಚಿತ್ರದಲ್ಲಿ ತೆಳುವಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ.

ಜೊತೆಗೊಂದು ಮಳೆಮಾಪಕ ಇದ್ದರೆ ಚೆನ್ನ. ಬೆಳಿಗ್ಗೆ 8:30ಕ್ಕೆ ಅಳೆದು ಬರೆಯಿರಿ. ಹವಾಮಾನ ಇಲಾಖೆಯ ದಿನವೂ ಆಗಲೇ ಮುಗಿಯುವುದರಿಂದ ತಾಳೆ ನೋಡಬಹುದು. ಮರದ ಎತ್ತರದ ಎರಡು ಪಟ್ಟು ದೂರ ಇಡಬೇಕು, ಅಂದರೆ ತೋಟದೊಳಗೆ ಬೇಡ, ಅಂಗಳದ ತೆರೆದ ಮೂಲೆ ಬೇಕು. ಆ್ಯಪ್ ನಿಮ್ಮ ಊರಿಗೆ ಎಷ್ಟು ಕಡಿಮೆ ಹೇಳುತ್ತದೆ ಎಂಬುದು ಒಂದು ಮಳೆಗಾಲದಲ್ಲಿ ತಿಳಿದುಹೋಗುತ್ತದೆ.

ದುಡ್ಡಿನ ಮಾತು: ವರ್ಷದ ಚಂದಾ ಕೊನೆಗೌಡರ ಒಂದು ದಿನದ ಕೂಲಿಯ ಆಸುಪಾಸು. ಒಂದು ಡ್ರಮ್ ಔಷಧಿ ಮಳೆಯಲ್ಲಿ ತೊಳೆದುಹೋಗುವುದು ತಪ್ಪಿದರೂ ಹಾಕಿದ ದುಡ್ಡು ಹುಟ್ಟಿತು. ಆದರೆ ಎರಡು ಎಕರೆಯೊಳಗಿನವರು, ಔಷಧಿಯ ಬದಲು ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟುವವರು ದುಡ್ಡು ಹಾಕಬೇಕಿಲ್ಲ. ಮಂಗಳವಾರ, ಶುಕ್ರವಾರ ಕೃಷಿ ಸಲಹೆ ಕೊಡುವ ಮೇಘದೂತ್ ಆ್ಯಪ್ ಉಚಿತ, ಕನ್ನಡದಲ್ಲೂ ಇದೆ. ಅದರ ಜೊತೆಗೆ ಗಾಳಿಯ ನಕ್ಷೆ ಪುಕ್ಕಟೆ ಕೊಡುವ ಯಾವುದಾದರೂ ತಾಣದಲ್ಲಿ 850ರ ಮಟ್ಟ ಆರಿಸಿ ನೋಡಿಕೊಂಡರೆ ಮುಕ್ಕಾಲು ಕೆಲಸ ಆಗುತ್ತದೆ. ಈ ಆ್ಯಪ್‌ನಲ್ಲಿ ಹೆಚ್ಚಿಗೆ ಸಿಗುವುದು ಎಲ್ಲವೂ ಒಂದೇ ಪರದೆಯ ಮೇಲೆ, ನೆಟ್‌ವರ್ಕ್ ಹೋದಾಗ ಕೊನೆಯ ಅಂಕಿ ಉಳಿದಿರುವುದು. ಕರೆಂಟೂ ಟವರೂ ಒಟ್ಟಿಗೆ ಮಲಗುವ ನಮ್ಮ ಊರುಗಳಲ್ಲಿ ಅದು ಸಣ್ಣದಲ್ಲ.

ಐದಕ್ಕೆ ಮೂರೂವರೆ. ಕೊಳ್ಳುವುದಿದ್ದರೆ ವರ್ಷದ ಚಂದಾ ಬಿಟ್ಟು ತಿಂಗಳದ್ದು ಹಿಡಿಯಿರಿ: ಮೇ ಕೊನೆಗೆ ಶುರು, ಸೆಪ್ಟೆಂಬರ್ ಕೊನೆಗೆ ಬಂದ್. ಬಂದ್ ಮಾಡುವಾಗ ತಾನಾಗಿ ನವೀಕರಣವಾಗುವುದನ್ನು ಮರೆಯದೆ ನಿಲ್ಲಿಸಿಬಿಡಿ; ಆ ಗುಂಡಿ, ಅದು ಆ್ಯಪ್‌ನೊಳಗೆ ಇಲ್ಲ, ಪ್ಲೇ ಸ್ಟೋರ್‌ನ ಚಂದಾ ಪುಟದಲ್ಲಿದೆ.