ರಿಕ್ರಿಯೇಷನಲ್ ಥೆರಪಿಯ ಆನ್‌ಲೈನ್ ಗ್ರಾಜುಯೇಟ್ ಸರ್ಟಿಫಿಕೇಟ್: ಉಡುಪಿಯಲ್ಲಿ ಓದಿ, ಇಲ್ಲಿಯೇ ಬಳಸಿದ ಬಳಿಕ

ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ನೆರವಾಗುವ ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಪಡೆದು, ಉಡುಪಿಯ ಪುನರ್ವಸತಿ ಕೇಂದ್ರವೊಂದರಲ್ಲಿ ಪಾರ್ಶ್ವವಾಯು ಪೀಡಿತರು ಮತ್ತು ಮರೆವಿನ ಕಾಯಿಲೆಯ ಹಿರಿಯರೊಂದಿಗೆ ಕೆಲಸ ಮಾಡುತ್ತಿರುವ ನಾನು, ಅಮೆರಿಕದ ವಿಶ್ವವಿದ್ಯಾಲಯವೊಂದರ ಈ ಆನ್‌ಲೈನ್ ಕೋರ್ಸ್ ಮುಗಿಸಿ ಕೆಲವು ವರ್ಷಗಳಾದವು. ಆಟ, ಹಾಡು, ಕೈಕೆಲಸದಂಥ ಬಿಡುವಿನ ಚಟುವಟಿಕೆಗಳನ್ನೇ ಚಿಕಿತ್ಸೆಯಾಗಿ ಬಳಸುವುದು ರಿಕ್ರಿಯೇಷನಲ್ ಥೆರಪಿ; ಗ್ರಾಜುಯೇಟ್ ಸರ್ಟಿಫಿಕೇಟ್ ಎಂದರೆ ಪದವಿಯ ಬಳಿಕ ಓದುವ ಚಿಕ್ಕ ಕೋರ್ಸ್. ಓದು ಮುಗಿದ ಕೂಡಲೇ ಬರೆದಿದ್ದರೆ ಶುಲ್ಕ ಮತ್ತು ನಿದ್ದೆಗೆಟ್ಟ ರಾತ್ರಿಗಳ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೆನೇನೋ. ದಿನನಿತ್ಯದ ಕೆಲಸದಲ್ಲಿ ಬಳಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಈ ಕೋರ್ಸ್ ಹೊಸ ಆಟಪಾಠಗಳನ್ನು ಕಲಿಸುವುದಿಲ್ಲ. ನಮ್ಮಲ್ಲಿ ಈಗಾಗಲೇ ಇರುವ ಚಟುವಟಿಕೆಯನ್ನು ಚಿಕಿತ್ಸೆಯಾಗಿ ಯೋಜಿಸುವ, ಅಳೆಯುವ ಮತ್ತು ದಾಖಲಿಸುವ ಶಿಸ್ತನ್ನು ಕಲಿಸುತ್ತದೆ. ಆ ಶಿಸ್ತು ಬೇಕೆಂದು ಸೇರುವವರಿಗೆ ಕೊಟ್ಟ ಹಣ ವ್ಯರ್ಥವಲ್ಲ.

ಪಾಠಕ್ರಮದ ಬೆನ್ನೆಲುಬು ನಾಲ್ಕು ಹಂತಗಳ ಪ್ರಕ್ರಿಯೆ: ವ್ಯಕ್ತಿಯ ಮೌಲ್ಯಮಾಪನ, ಯೋಜನೆ, ಅನುಷ್ಠಾನ, ಫಲಿತಾಂಶದ ಪರಿಶೀಲನೆ. ಇದರ ಜೊತೆಗೆ ಲೀಷರ್ ಎಬಿಲಿಟಿ ಮಾಡೆಲ್ ಎಂಬ ಚೌಕಟ್ಟಿನಲ್ಲಿ ಸೇವೆಯನ್ನು ಮೂರು ಭಾಗಗಳಾಗಿ ನೋಡುತ್ತಾರೆ. ಮೊದಲನೆಯದು ದೇಹ ಮತ್ತು ಮನಸ್ಸಿನ ಸಾಮರ್ಥ್ಯ ಹೆಚ್ಚಿಸುವ ಚಿಕಿತ್ಸೆ, ಎರಡನೆಯದು ಬಿಡುವನ್ನು ಬಳಸಿಕೊಳ್ಳುವ ಶಿಕ್ಷಣ, ಮೂರನೆಯದು ವ್ಯಕ್ತಿ ತಾನಾಗಿ ಪಾಲ್ಗೊಳ್ಳುವುದು. ಹಂತ ಮುಂದುವರಿದಂತೆ ಥೆರಪಿಸ್ಟ್‌ನ ಹಿಡಿತ ಸಡಿಲಗೊಂಡು, ಆಯ್ಕೆ ಆ ವ್ಯಕ್ತಿಯ ಕೈಗೆ ಬರಬೇಕು. ಕೇಂದ್ರದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ಭಜನೆ ಹೇಳಿಸುವುದಕ್ಕೂ ಚಿಕಿತ್ಸೆಗೂ ಇರುವ ಅಂತರ ನನಗೆ ಮನದಟ್ಟಾದದ್ದು ಇಲ್ಲಿಯೇ.

ಕೋರ್ಸ್‌ನ ಅತ್ಯಂತ ಉಪಯುಕ್ತವಾದ ವಿಷಯ ಚಟುವಟಿಕೆಯ ವಿಶ್ಲೇಷಣೆ. ಅದನ್ನು ನಾನು ಮೊದಲು ಪ್ರಯೋಗಿಸಿದ್ದು ಚೆನ್ನೆಮಣೆ (ಅಳಗುಳಿ ಮಣೆ) ಆಟದ ಮೇಲೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ: ಬೆರಳ ತುದಿಯಿಂದ ಹೆಕ್ಕುವುದು, ಎಣಿಕೆ ತಪ್ಪದಂತೆ ಒಂದೊಂದಾಗಿ ಹಾಕುತ್ತಾ ಹೋಗುವುದು, ತನ್ನ ಸರದಿಗೆ ಕಾಯುವುದು, ಎದುರಿಗಿರುವವರ ನಡೆಯನ್ನು ಊಹಿಸುವುದು. ಹೀಗೆ ಬಿಡಿಸಿ ಬರೆದಾಗ, ಮರೆವಿನ ಕಾಯಿಲೆ ಇರುವವರಿಗೆ ಎಲ್ಲಿ ತೊಡಕಾಗುತ್ತದೆ, ಗುಳಿಗಳನ್ನು ಕಡಿಮೆ ಮಾಡಬೇಕೇ ಅಥವಾ ನಿಯಮವನ್ನು ಸರಳಗೊಳಿಸಬೇಕೇ ಎಂಬುದು ಕಾಗದದ ಮೇಲೆಯೇ ಕಾಣುತ್ತದೆ. ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ ಈ ಆಟ ಆಡಿ ಬೆಳೆದ ಹಿರಿಯರಿಗೆ ಮಣೆ ಎದುರಿಗಿಟ್ಟರೆ ಸಾಕು, ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆಯ ಒಬ್ಬ ಅಮ್ಮ ಪಾರ್ಶ್ವವಾಯುವಿನ ಬಳಿಕ ಬಲಗೈಯ ವ್ಯಾಯಾಮಕ್ಕೆ ಒಪ್ಪುತ್ತಲೇ ಇರಲಿಲ್ಲ. ಕೋರ್ಸ್‌ನಲ್ಲಿ ಕಲಿತ ರೀತಿಯಲ್ಲಿ ಅವರೊಡನೆ ಕುಳಿತು ಮಾತನಾಡಿದಾಗ, ಮಲ್ಲಿಗೆ ಕಟ್ಟುವುದು ಅವರ ಜೀವನದ ಬಹುಭಾಗವಾಗಿತ್ತೆಂದು ತಿಳಿಯಿತು. ಮೊದಲಿನ ನಾನಾಗಿದ್ದರೆ ಬೆರಳಿನ ಹಿಡಿತವನ್ನಷ್ಟೇ ಗುರಿಯಾಗಿ ಬರೆಯುತ್ತಿದ್ದೆ. ಈ ಬಾರಿ ಬರೆದ ಗುರಿ ಹೀಗಿತ್ತು: ವಾರಕ್ಕೆ ಮೂರು ದಿನ, ಇನ್ನೊಬ್ಬರ ಜೊತೆ ಕುಳಿತು, ಸಹಾಯಕಿ ಒಂದಕ್ಕಿಂತ ಹೆಚ್ಚು ಸಲ ನೆನಪಿಸದೆ, ಇಪ್ಪತ್ತು ನಿಮಿಷ ಹೂ ಕಟ್ಟುವುದು. ಬಾಳೆನಾರನ್ನು ಒದ್ದೆ ಮಾಡಿ, ಅದರ ತುದಿಯನ್ನು ದುರ್ಬಲವಾದ ಕೈಯ ಕೆಳಗೆ ಒತ್ತಿ ಹಿಡಿಯಲು ಕೊಟ್ಟೆವು. ಗಂಟು ಬಿಗಿಯುವುದು ಎಡಗೈಯ ಕೆಲಸವಾಯಿತು. ಎಷ್ಟು ಹೊತ್ತು ಕುಳಿತರು, ಎಷ್ಟು ಸಲ ನೆನಪಿಸಬೇಕಾಯಿತು, ಮಾತು ಯಾರು ಆರಂಭಿಸಿದರು ಎಂಬುದನ್ನು ಪ್ರತಿ ಸಲವೂ ಬರೆದಿಟ್ಟೆವು. ಕೆಲವು ವಾರಗಳಲ್ಲಿ ಅವರು ಪಕ್ಕದವರ ಸಡಿಲ ಗಂಟನ್ನು ತಾವಾಗಿ ಬಿಚ್ಚಿಸಿ ತಿದ್ದತೊಡಗಿದರು. ಮನೆಯವರಿಗೂ ವೈದ್ಯರಿಗೂ ತೋರಿಸಲು ನಮ್ಮ ಬಳಿ ಲಿಖಿತ ದಾಖಲೆ ಇತ್ತು.

ಕೊರತೆಯೂ ದೊಡ್ಡದಿದೆ. ಮೌಲ್ಯಮಾಪನಕ್ಕೆ ಕೊಡುವ ಆಸಕ್ತಿ ಪಟ್ಟಿಗಳಲ್ಲಿ ಬೌಲಿಂಗ್, ಕ್ಯಾಂಪಿಂಗ್‌ನಂಥವು ತುಂಬಿರುತ್ತವೆ. ಅವುಗಳನ್ನು ಹಾಗೆಯೇ ಅನುವಾದಿಸಿ ಕೇಳಿದರೆ ನಮ್ಮ ಮೀನುಗಾರ ಮನೆತನದ ಹಿರಿಯರೂ ಬೀಡಿ ಕಟ್ಟಿ ಸಂಸಾರ ನಡೆಸಿದ ಹೆಂಗಸರೂ ಯಾವುದಕ್ಕೂ ಗುರುತು ಹಾಕುವುದಿಲ್ಲ. ಬಿಡುವಿನಲ್ಲಿ ಏನು ಮಾಡುತ್ತಿದ್ದಿರಿ ಎಂದರೆ, ನಮಗೆಲ್ಲಿಯ ಬಿಡುವು ಮಗಾ ಎನ್ನುತ್ತಾರೆ. ಯಕ್ಷಗಾನ, ಭೂತಕೋಲ, ಭಜನೆ, ಮಲ್ಪೆಯ ಕಡಲ ಬದಿ ಎಂದು ಇಲ್ಲಿಯ ಬದುಕಿನಿಂದಲೇ ಪ್ರಶ್ನೆಗಳನ್ನು ಕಟ್ಟಿಕೊಳ್ಳುವ ಹೊಣೆ ಪೂರ್ತಿಯಾಗಿ ನಮ್ಮದು.

ಉದ್ಯೋಗದ ದೃಷ್ಟಿಯಿಂದ ಸೇರುವವರು ಒಂದು ವಿಷಯವನ್ನು ತಪ್ಪದೆ ತಿಳಿದಿರಬೇಕು. ಅಮೆರಿಕದಲ್ಲಿ ಈ ವೃತ್ತಿಯ ಅರ್ಹತೆಯೆಂದರೆ ಸಿಟಿಆರ್‌ಎಸ್ (ಸರ್ಟಿಫೈಡ್ ಥೆರಪ್ಯೂಟಿಕ್ ರಿಕ್ರಿಯೇಷನ್ ಸ್ಪೆಷಲಿಸ್ಟ್). ಅದನ್ನು ನೀಡುವುದು 1981ರಲ್ಲಿ ಸ್ಥಾಪನೆಯಾದ ಎನ್‌ಸಿಟಿಆರ್‌ಸಿ (ನ್ಯಾಷನಲ್ ಕೌನ್ಸಿಲ್ ಫಾರ್ ಥೆರಪ್ಯೂಟಿಕ್ ರಿಕ್ರಿಯೇಷನ್ ಸರ್ಟಿಫಿಕೇಷನ್) ಎಂಬ ಮಂಡಳಿಯೇ ಹೊರತು ವಿಶ್ವವಿದ್ಯಾಲಯವಲ್ಲ. ಸರ್ಟಿಫಿಕೇಟ್ ಆ ದಾರಿಯ ಒಂದು ಭಾಗ ಮಾತ್ರ. ಅಂಗರಚನೆ ಮತ್ತು ಶರೀರಶಾಸ್ತ್ರ, ಅಸಹಜ ಮನೋವಿಜ್ಞಾನ, ಮಾನವ ಬೆಳವಣಿಗೆ ಈ ವಿಷಯಗಳನ್ನೂ ಓದಿರಬೇಕು. ನನಗೆ ಅವು ಪದವಿಯಲ್ಲಿಯೇ ಇದ್ದವು, ಆದರೆ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಸಹಪಾಠಿಯೊಬ್ಬರು ಅಂಗರಚನೆಯನ್ನು ಬೇರೆಯಾಗಿ ಓದಬೇಕಾಯಿತು. ಇದರ ಮೇಲೆ ಸಿಟಿಆರ್‌ಎಸ್ ಅರ್ಹತೆಯುಳ್ಳವರ ಮೇಲ್ವಿಚಾರಣೆಯಲ್ಲಿ ಸತತ 14 ವಾರ, ಕನಿಷ್ಠ 560 ಗಂಟೆಗಳ ಇಂಟರ್ನ್‌ಶಿಪ್, ಬಳಿಕ ಪರೀಕ್ಷೆ. ಅಂಥ ಮೇಲ್ವಿಚಾರಕರು ನನಗೆ ಮಂಗಳೂರು, ಉಡುಪಿ, ಮಣಿಪಾಲ ಎಲ್ಲಿಯೂ ಸಿಗಲಿಲ್ಲ. ಪ್ರವೇಶದ ಸಮಯದಲ್ಲಿ ಸಹಾಯ ಮಾಡುತ್ತೇವೆ ಎಂದಿದ್ದ ವಿಭಾಗ, ಆ ಹಂತ ಬಂದಾಗ ಸ್ಥಳ ಹುಡುಕುವುದು ವಿದ್ಯಾರ್ಥಿಯ ಜವಾಬ್ದಾರಿ ಎಂದು ಉತ್ತರಿಸಿತು. ಇದು ನನ್ನ ಮನಸ್ಸಿಗೆ ಇಂದಿಗೂ ಒಪ್ಪದ ವಿಷಯ. ನನ್ನ ಸಿಟಿಆರ್‌ಎಸ್ ದಾರಿ ಅಲ್ಲಿಗೇ ನಿಂತಿದೆ.

ಶುಲ್ಕ ಡಾಲರಿನಲ್ಲಿ ಇರುವುದರಿಂದ ರೂಪಾಯಿ ಇಳಿದಷ್ಟು ಕಂತು ಏರುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಸಂಜೆ ಆರರ ನೇರ ತರಗತಿ ನಮಗೆ ಅವರ ಬೇಸಿಗೆಯಲ್ಲಿ ನಸುಕಿನ ಮೂರೂವರೆಗೆ, ಅವರ ಚಳಿಗಾಲದಲ್ಲಿ ನಾಲ್ಕೂವರೆಗೆ ಬರುತ್ತದೆ. ರೆಕಾರ್ಡ್ ಮಾಡಿದ ಪಾಠಗಳಿದ್ದರೂ ಚರ್ಚೆಗೆ ಅಂಕಗಳಿರುವುದರಿಂದ ಏಳಲೇಬೇಕು.

ನಮ್ಮ ದೇಶದಲ್ಲಿ 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆಯ ಅನುಸೂಚಿಯಲ್ಲಿ ರಿಕ್ರಿಯೇಷನಲ್ ಥೆರಪಿಸ್ಟ್ ಹೆಸರು ಸೇರಿರುವುದು ಸಂತೋಷದ ಸಂಗತಿ. ಆದರೆ ಆ ಹುದ್ದೆಗೆಂದೇ ನಮ್ಮ ಊರಿನಲ್ಲಿ ಯಾರಾದರೂ ಅರ್ಜಿ ಕರೆದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಈಗಾಗಲೇ ನರ್ಸಿಂಗ್, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ ಅಥವಾ ಸಮಾಜಕಾರ್ಯದಲ್ಲಿ ನೆಲೆ ಕಂಡವರಿಗೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ. ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆಗಳಿಗೆ ಇಮೇಲ್‌ನಲ್ಲಿಯೇ ಉತ್ತರ ಪಡೆಯಿರಿ: ಈ ಕೋರ್ಸ್‌ನ ವಿಷಯಗಳು ಎನ್‌ಸಿಟಿಆರ್‌ಸಿಯ ಈಗಿನ ನಿಯಮಕ್ಕೆ ಹೊಂದುತ್ತವೆಯೇ, ಮತ್ತು ಭಾರತದಲ್ಲಿರುವ ವಿದ್ಯಾರ್ಥಿಯ ಇಂಟರ್ನ್‌ಶಿಪ್ ಗಂಟೆಗಳಿಗೆ ಸಹಿ ಹಾಕುವವರು ಯಾರು. ಎರಡನೆಯದಕ್ಕೆ ವ್ಯಕ್ತಿಯ ಹೆಸರು ಸಿಗದಿದ್ದರೆ, ಇಂಟರ್ನ್‌ಶಿಪ್ ಇಲ್ಲದ ಕೋರ್ಸ್ ಎಂದೇ ಲೆಕ್ಕ ಹಾಕಿ ನಿರ್ಧರಿಸಿ.