ಎಸ್‌ಪಿ ರೋಡಲ್ಲಿ ಫೋನ್ ಬ್ಯಾಟರಿ ಹಾಕಿಸ್ದೆ: 4 ಸ್ಟಾರ್, ಬಿಲ್ಲಿಗೆ ಒಂದು ಸ್ಟಾರ್ ಕಟ್

ಮೊದ್ಲು ಹಿಂದಿನ ಕಥೆ ಹೇಳ್ಬಿಡ್ತೀನಿ. ಮೂರು ವರ್ಷದ ಫೋನು, ಮಧ್ಯಾಹ್ನದ ಊಟದ ಹೊತ್ತಿಗೆ 20 ಪರ್ಸೆಂಟಿಗೆ ಇಳಿದಿರ್ತಿತ್ತು, ಸರಿ ಅಂತ ಮನೆ ಹತ್ರದ ಒಂದು ಅಂಗಡೀಲಿ 600 ರೂಪಾಯಿ ಕೊಟ್ಟು ಬೇರೆ ಬ್ಯಾಟರಿ ಹಾಕಿಸ್ದೆ, ಒರಿಜಿನಲ್ 4000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ), ಇದ್ರ ಮೇಲೆ 5000 ಅಂತ ಪ್ರಿಂಟು, ಖುಷಿಯೋ ಖುಷಿ. ನಾಲ್ಕೇ ತಿಂಗ್ಳಿಗೆ ಫೋನ್ ಬೆನ್ನು ಪೂರಿ ಥರ ಉಬ್ಬಿ ಟೇಬಲ್ ಮೇಲಿಟ್ರೆ ಬುಗುರಿ ಹಂಗೆ ತಿರುಗ್ತಿತ್ತು. ಪಿಯು ಮಕ್ಳಿಗೆ ಕೆಮಿಸ್ಟ್ರಿ ಪಾಠ ಮಾಡೋಳು ಬೇರೆ ನಾನು, ಥೂ.

ಎಸ್‌ಪಿ ರೋಡಿನ ಈ ಅಂಗಡಿ ಮೊದಲನೇ ಮಹಡೀಲಿದೆ, ಇಬ್ರು ನಿಂತ್ರೆ ಮೂರನೆಯವ್ರು ಮೆಟ್ಟಿಲ ಮೇಲೆ. ಆದ್ರೆ ಕೆಲ್ಸ ಮಾತ್ರ ಬಲು ಚೊಕ್ಕ. ಬಿಸಿ ಪ್ಲೇಟ್ ಮೇಲೆ ಫೋನ್ ಇಟ್ಟು ಗಮ್ಮು ಮೆತ್ತಗಾದ್ಮೇಲೆ ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಹಿಂದಿನ ಗ್ಲಾಸ್ ಬಿಡಿಸಿದ್ರು, ಬ್ಯಾಟರಿ ಎಬ್ಬಿಸೋಕೆ ಕಬ್ಬಿಣದ ಸಾಮಾನು ಮುಟ್ಲೇ ಇಲ್ಲ, ಅಂಚಿಗೆ ಆಲ್ಕೋಹಾಲ್ ಹನಿ ಬಿಟ್ಟು ಸುಮ್ನೆ ಕಾದ್ರು. ಉಬ್ಬಿದ್ದನ್ನ ಮರಳಿನ ಡಬ್ಬಕ್ಕೆ ಹಾಕೋ ಮುಂಚೆ ಬೆಳ್ಳಿ ತೂಗೋ ಥರದ ಪುಟ್ಟ ಸ್ಕೇಲ್ ಮೇಲಿಟ್ರು, 45 ಗ್ರಾಂ. ಅವ್ರು ಹಾಕೋ 4000ದ್ದು 59 ಗ್ರಾಂ. “ಐದ್ ಸಾವ್ರದ್ದು ಹಗುರ, ನಾಲ್ಕ್ ಸಾವ್ರದ್ದು ಭಾರ, ಹೆಂಗ್ ಮೇಡಂ ಇದು?” ಅಂತ ನಕ್ರು.

ಹೆಂಗೆ ಅಂದ್ರೆ, ಒಳಗಡೆ ಇರೋದು ಚಿರೋಟಿ. ಒಂದು ಕಡೆ ಗ್ರಾಫೈಟು, ಪೆನ್ಸಿಲ್ ಕಡ್ಡೀಲಿರೋದೇ, ಕಾರ್ಬನ್ ಪದರದ ಮೇಲೆ ಪದರ. ಇನ್ನೊಂದು ಕಡೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಅದೂ ಪದರ ಪದರವೇ. ಚಾರ್ಜಿಗೆ ಹಾಕಿದ್ರೆ ಲಿಥಿಯಂ ಅಯಾನುಗಳು ಕೋಬಾಲ್ಟ್ ಕಡೆಯಿಂದ ಹೊರಟು ಗ್ರಾಫೈಟ್ ಪದರಗಳ ಸಂದೀಲಿ ನುಸುಳಿ ಕೂತ್ಕೊಳ್ಳುತ್ವೆ, ನಾವು ರೀಲ್ಸ್ ನೋಡ್ತಾ ಇದ್ರೆ ವಾಪಸ್ ಹೋಗ್ತಾ ಇರುತ್ವೆ, ಇದೇ ಇಂಟರ್‌ಕಲೇಶನ್. ಚಿರೋಟಿ ಮುರಿಯಲ್ಲ, ಮಧ್ಯದ ಪುಡಿಸಕ್ಕರೆ ಮಾತ್ರ ಆ ಕಡೆ ಈ ಕಡೆ ಓಡಾಡುತ್ತೆ, ಅದಕ್ಕೇ ನೂರಾರು ಸಲ ಚಾರ್ಜ್ ಮಾಡಿದ್ರೂ ತಡ್ಕೊಳ್ಳೋದು. ಆದ್ರೆ ಸೀಟು ಲೆಕ್ಕದ್ದು: ಆರು ಕಾರ್ಬನ್ನಿಗೆ ಒಂದೇ ಲಿಥಿಯಂ, ಒಂದು ಗ್ರಾಂ ಗ್ರಾಫೈಟಿಗೆ ಹೆಚ್ಚಂದ್ರೆ 372 ಎಂಎಎಚ್. ಕೋಬಾಲ್ಟ್ ಕಡೆ ಇನ್ನೂ ಬಿಗಿ, ಇರೋ ಲಿಥಿಯಮ್ಮೆಲ್ಲಾ ಎಳೆದ್ರೆ ಪದರವೇ ಕೆಡುತ್ತೆ, ಅದಕ್ಕೆ ಮೊದ್ಲೆಲ್ಲ ಹತ್ರ ಹತ್ರ ಅರ್ಧ ಅಷ್ಟೇ ತೆಗೀತಿದ್ರು, ಈಗ ವೋಲ್ಟೇಜ್ ಏರಿಸಿ ಸ್ವಲ್ಪ ಜಾಸ್ತಿ. ಹಿಂಗಿರುವಾಗ ಅದೇ ಸೈಜಲ್ಲಿ, ಅದಕ್ಕಿಂತ ಕಮ್ಮಿ ತೂಕದಲ್ಲಿ 1000 ಎಕ್ಸ್‌ಟ್ರಾ ಎಲ್ಲಿಂದ ಬರ್ಬೇಕು? ಸ್ಟಿಕ್ಕರಿಂದ. (ಹೊಸ ಫೋನ್‌ಗಳಲ್ಲಿ ಸಿಲಿಕಾನ್ ಬೆರೆಸಿ ಜಾಸ್ತಿ ತುಂಬ್ತಾರೆ, ನಿಜ, ಅದು 600 ರೂಪಾಯಿಗೆ ಸಿಗಲ್ಲ.)

ಈ ಕೋಬಾಲ್ಟ್ ಐಡಿಯಾ 1980ರದ್ದು, ಆಕ್ಸ್‌ಫರ್ಡಲ್ಲಿ ಜಾನ್ ಗುಡ್‌ಇನಫ್ ಅನ್ನೋ ವಿಜ್ಞಾನಿಯ ತಂಡದ್ದು, ಸೋನಿ ಮಾರೋಕೆ ಶುರು ಮಾಡಿದ್ದು 1991ರಲ್ಲಿ, ಅಜ್ಜನಿಗೆ ನೊಬೆಲ್ ಬಂದಿದ್ದು 2019ರಲ್ಲಿ, 97 ವರ್ಷಕ್ಕೆ! ಇಷ್ಟು ವರ್ಷ ಕ್ಲಾಸಲ್ಲಿ ಇದನ್ನೇ ಹೇಳಿ ಹೇಳಿ, ಅಂಗಡೀಲಿ 5000 ಅಂತ ಕಂಡ ತಕ್ಷಣ ಪರ್ಸ್ ತೆಗೆದಿದ್ದೀನಿ.

ಇನ್ನೊಂದು, ಉಬ್ಬೋದು ಪದರ ಹಿಗ್ಗಿ ಅಲ್ಲ. ಚಾರ್ಜ್ ಆಗ್ವಾಗ ಗ್ರಾಫೈಟ್ ಒಂದು ಹತ್ತು ಪರ್ಸೆಂಟ್ ಹಿಗ್ಗುತ್ತೆ, ಅದು ಮಾಮೂಲಿ. ಪೂರಿ ಆಗೋದು ಒಳಗಿನ ದ್ರವ ಒಡೆದು ಗ್ಯಾಸ್ ಆದಾಗ. ದಯವಿಟ್ಟು ಪಿನ್ ಚುಚ್ಚಿ ಗಾಳಿ ಬಿಡೋಕೆ ಹೋಗ್ಬೇಡಿ, ಬೆಂಕಿ ಹತ್ಕೊಳ್ಳುತ್ತೆ. ದಿಂಬಿನ ಕೆಳಗೆ ಚಾರ್ಜಿಗಿಡೋದೂ ಬೇಡ, ಬಿಸಿ ಮತ್ತೆ 100 ಪರ್ಸೆಂಟ್ ಎರಡೂ ಸೇರಿದ್ರೆ ಬೇಗ ಹಾಳು.

1,400 ಆಯ್ತು, 40 ನಿಮಿಷ. ಎರಡು ತಿಂಗ್ಳಾಯ್ತು, ರಾತ್ರಿ ಹತ್ತಕ್ಕೂ 35 ಪರ್ಸೆಂಟ್ ಉಳಿದಿರುತ್ತೆ. ಬ್ಯಾಟರಿ ಮೇಲಿನ ತಯಾರಾದ ದಿನಾಂಕ ಕೇಳದೇನೇ ತೋರ್ಸಿದ್ರು, ಒಂದ್ಸಲ ಬಿಚ್ಚಿದ್ಮೇಲೆ ವಾಟರ್‌ಪ್ರೂಫ್ ಗ್ಯಾರಂಟಿ ಇಲ್ಲ ಅಂತ್ಲೂ ಮೊದ್ಲೇ ಹೇಳಿದ್ರು. ಬಿಲ್ ಕೇಳಿದ್ರೆ ಮಾತ್ರ ವಿಸಿಟಿಂಗ್ ಕಾರ್ಡ್ ಹಿಂದೆ ಗೀಚಿ ಕೊಟ್ರು, ಆರು ತಿಂಗ್ಳ ವಾರಂಟಿಗೆ ಅದೇ ಆಧಾರ ಅಂತೆ. ಭಾನುವಾರ ಹೋಗ್ಬೇಡಿ, ಬಾಗ್ಲು ಹಾಕಿರ್ತಾರೆ, ನಾನು ಒಂದ್ಸಲ ಆಟೋಗೆ ದಂಡ ತೆತ್ತು ವಾಪಸ್ ಬಂದಿದ್ದೀನಿ.