ಪೆಡಲ್ ಕಸದ ಬುಟ್ಟಿ: ಎಂಟು ತಿಂಗಳ ಬಳಿಕ

ಅಡುಗೆಮನೆಗೆಂದು 12 ಲೀಟರಿನ ಸ್ಟೀಲ್ ಪೆಡಲ್ ಬುಟ್ಟಿ ತಂದು ಎಂಟು ತಿಂಗಳಾಯಿತು. 30 ಲೀಟರಿನದೇ ಇರಲಿ ಎಂದು ಮನೆಯವರು ಹಟ ಹಿಡಿದಿದ್ದರು, ನಾನು ಒಪ್ಪಲಿಲ್ಲ. ದೊಡ್ಡದಾದರೆ ತುಂಬುವವರೆಗೂ ಹಸಿ ಕಸ ಅಲ್ಲೇ ಕೊಳೆಯುತ್ತದೆ. ಚಿಕ್ಕದನ್ನು ದಿನವೂ ಖಾಲಿ ಮಾಡದೆ ವಿಧಿಯಿಲ್ಲ. ನನ್ನಂಥ ಸೋಮಾರಿಗೆ ಆ ಒತ್ತಾಯ ಬೇಕು.

ಮುಚ್ಚಳ ಸದ್ದಿಲ್ಲದೆ ಇಳಿಯುತ್ತದೆ, ಕೈ ಒದ್ದೆಯಿದ್ದಾಗ ಪೆಡಲ್ ವರವೇ ಸರಿ. (1884ರಲ್ಲಿ ಪ್ಯಾರಿಸ್‌ನ ಮನೆಗಳಿಗೆ ಮುಚ್ಚಳವಿರುವ ಕಸದ ಡಬ್ಬ ಕಡ್ಡಾಯ ಮಾಡಿದವನು ಯುಜೀನ್ ಪುಬೆಲ್ ಎಂಬ ಅಧಿಕಾರಿ. ಫ್ರೆಂಚರು ಕಸದ ಡಬ್ಬವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ, ಪಾಪ!) ಆದರೆ ಬುಟ್ಟಿ ತೀರಾ ಹಗುರ. ಅವಸರದಲ್ಲಿ ತುಳಿದರೆ ಹಿಂದಕ್ಕೆ ಜಾರಿ ಗೋಡೆಗೆ ಬಡಿಯುತ್ತಿತ್ತು. ತಳಕ್ಕೆ ರಬ್ಬರ್ ತುಂಡು ಅಂಟಿಸಿದ ಮೇಲೆ ಸುಮ್ಮನಾಯಿತು.

ನಿಜವಾದ ತಕರಾರು ಒಳಗಿನ ಪ್ಲಾಸ್ಟಿಕ್ ಬಕೆಟ್ಟಿನದು. ಚೀಲ ಕೊಂಚ ಹರಿದರೂ ಕಸದ ನೀರು ಅದರ ಅಂಚಿನಿಂದ ಹೊರಗಿಳಿಯುತ್ತದೆ. ಮೂರನೇ ತಿಂಗಳಲ್ಲಿ ಬಕೆಟ್ ಎಷ್ಟು ಉಜ್ಜಿದರೂ ವಾಸನೆ ಹೋಗಲಿಲ್ಲ. ಕೊನೆಗೆ ನೋಡಿದರೆ ಸ್ಟೀಲ್ ಕವಚದ ತಳದಲ್ಲಿ ಕಪ್ಪು ನೀರು ನಿಂತಿತ್ತು. ಈಗ ವಾರಕ್ಕೊಮ್ಮೆ ಎರಡನ್ನೂ ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತೇನೆ, ಚೀಲದಡಿ ಹಳೆಯ ಪತ್ರಿಕೆ ಮಡಚಿಡುತ್ತೇನೆ. ಬ್ಲೀಚ್ ಮಾತ್ರ ಸೋಕಿಸುವುದಿಲ್ಲ. ಅದು ಸ್ಟೀಲಿಗೂ ತುಕ್ಕಿನ ಚುಕ್ಕೆ ಹಿಡಿಸುತ್ತದೆ.

ಒಣ ಕಸಕ್ಕೆ ಬೇರೆ ಬುಟ್ಟಿ ಇಟ್ಟಿದ್ದೇನೆ. ಮುಚ್ಚಳವಿಲ್ಲದ ಹಳೆಯದು, ಸಾಕಷ್ಟಾಯಿತು. ಪೆಡಲ್ ಬುಟ್ಟಿಗೆ ಐದಕ್ಕೆ ಮೂರೂವರೆ ಅಂಕ.